ಸ್ಪಷ್ಟನೆ: ಒಂದು ದಿನದ ಕಣಿವೆಯನ್ನು ನೋಡಿ ಭೂಮಿಯ ವಯಸ್ಸು ಹೇಳೋಕಾಗಲ್ಲ

ಭೂಮಿ ಹುಟ್ಟಿ ಆರೇಳು ಸಾವಿರ ವರ್ಷ ಅಷ್ಟೇ ಎನ್ನುವವರು ಒಂದು ವಾದವನ್ನು ತುಂಬಾ ಹಂಚುತ್ತಾರೆ. ಅಮೆರಿಕದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ 1980ರಲ್ಲಿ ಸಿಡಿದಾಗ ಕೆಲವೇ ಗಂಟೆಗಳಲ್ಲಿ ಪದರ ಪದರವಾಗಿ ಬೂದಿ ಕೂತಿತು. 1982ರ ಮಾರ್ಚ್‌ನಲ್ಲಿ ಕೆಸರಿನ ಪ್ರವಾಹ ಬಂದು ಒಂದೇ ದಿನದಲ್ಲಿ ಅಲ್ಲಿ ಕಣಿವೆ ಕೊರೆಯಿತು. ಹಾಗಾದರೆ ಅಮೆರಿಕದ ದೊಡ್ಡ ಕಣಿವೆ ಗ್ರ್ಯಾಂಡ್ ಕ್ಯಾನ್ಯನ್ ಕೂಡ ಒಂದೇ ಪ್ರಳಯದಲ್ಲಿ ಆಗಿರಬೇಕು ಅಲ್ವಾ, ಅನ್ನುವುದು ವಾದ.

ಘಟನೆ ನಿಜ. ತೀರ್ಮಾನ ತಪ್ಪು.

ಸೇಂಟ್ ಹೆಲೆನ್ಸ್‌ನಲ್ಲಿ ಕೊಚ್ಚಿಹೋಗಿದ್ದು ಹೆಚ್ಚಾಗಿ ಆಗಷ್ಟೇ ಬಿದ್ದ ಬೂದಿ, ಸಡಿಲ ಕಲ್ಲುಪುಡಿ. ಆಳ ಸುಮಾರು 40 ಮೀಟರ್. ಗ್ರ್ಯಾಂಡ್ ಕ್ಯಾನ್ಯನ್ನಿನ ಆಳ ಸುಮಾರು 1.6 ಕಿಲೋಮೀಟರ್. ಕೊರೆದಿರುವುದು ಗಟ್ಟಿ ಸುಣ್ಣದಕಲ್ಲು ಮತ್ತು ಮರಳುಗಲ್ಲನ್ನು. ತಳದ ಬಂಡೆಗೆ ಸುಮಾರು 170 ಕೋಟಿ ವರ್ಷ.

ಇನ್ನು ಗ್ರ್ಯಾಂಡ್ ಕ್ಯಾನ್ಯನ್ನಿನ ಗೋಡೆಯನ್ನೇ ಹತ್ತಿರದಿಂದ ನೋಡಿ. ಹರ್ಮಿಟ್ ಎಂಬ ಕೆಂಪು ಪದರದಲ್ಲಿ ಕೆರೆಯ ತಳ ಬಿಸಿಲಿಗೆ ಒಣಗಿದಾಗ ಬೀಳುವಂಥ ಬಿರುಕುಗಳಿವೆ. ಅದರ ಮೇಲಿನ ಕೊಕೊನೀನೊ ಪದರ ಗಾಳಿ ಪೇರಿಸಿದ ಮರಳುದಿಬ್ಬ. ಆ ದಿಬ್ಬದ ಇಳಿಜಾರಿನಲ್ಲಿ ನಾಲ್ಕು ಕಾಲಿನ ಪ್ರಾಣಿಗಳು ನಡೆದುಹೋದ ಹೆಜ್ಜೆಗಳು ಸಾಲಾಗಿ ಉಳಿದಿವೆ. ನನಗಂತೂ ಇದಕ್ಕಿಂತ ಜಾಸ್ತಿ ಸಾಕ್ಷಿ ಬೇಡ. ಒಂದೇ ಪ್ರವಾಹ ಎಲ್ಲವನ್ನೂ ತಂದು ಸುರಿದಿದ್ದರೆ, ನಡುವೆ ಆ ಕೆಸರು ಒಣಗಿದ್ದು ಯಾವಾಗ? ನೀರಿನಡಿಯಲ್ಲಿ ಗಾಳಿ ಮರಳನ್ನು ಪೇರಿಸಿದ್ದು ಹೇಗೆ?

ಕೆಲವು ಪದರಗಳು ಬೇಗ ಕೂರುತ್ತವೆ ಎಂಬುದನ್ನು ಭೂವಿಜ್ಞಾನಿಗಳು ಯಾವತ್ತೂ ಅಲ್ಲಗಳೆದಿಲ್ಲ. ಬೂದಿಯ ಪದರ ಗಂಟೆಗಳಲ್ಲಿ ಆಗುತ್ತದೆ, ಚಿಪ್ಪುಗಳು ಸೇರಿ ಆಗುವ ಸುಣ್ಣದಕಲ್ಲಿಗೆ ಲಕ್ಷಾಂತರ ವರ್ಷ ಹಿಡಿಯಬಹುದು.