ಐಸ್‌ಲ್ಯಾಂಡ್‌ನದು ಪವಾಡ ಅಲ್ಲ ಕಣ್ರೀ

ಮತ್ತೆ ಶುರುವಾಯಿತು. ಒಂದೂವರೆ ಲಕ್ಷ ಜನರ ಕೆರಿಬಿಯನ್ ದ್ವೀಪ ಕುರಾಸಾವ್ 2026ರ ವಿಶ್ವಕಪ್‌ಗೆ ಅರ್ಹತೆ ಪಡೆದಾಗಿನಿಂದ ಎಲ್ಲಿ ನೋಡಿದರೂ ಒಂದೇ ಸಾಲು: ಇಷ್ಟು ಪುಟ್ಟ ದ್ವೀಪ ಹೋಯಿತು, 140 ಕೋಟಿ ಜನರ ನಾವು ಟಿವಿ ಮುಂದೆ ಕೂತಿದ್ದೇವೆ. ಇವತ್ತು ಬೆಳಗ್ಗೆ ಕಣ್ಣಿಗೆ ಬಿದ್ದ ಪೋಸ್ಟಿನಲ್ಲಿ ಐಸ್‌ಲ್ಯಾಂಡನ್ನೂ ಎಳೆದು ತಂದು "ಹಿಮನಾಡಿನ ಪವಾಡ" ಅಂತ ಬರೆದಿದ್ದರು. ಆ ಒಂದು ಪದ ಓದಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಫುಟ್‌ಬಾಲ್ ವಿಷಯಕ್ಕೆ ನಾನು ಹೀಗೆ ಆಡೋದು ನಿಮಗೇನು ಹೊಸದಲ್ಲ, ಇವತ್ತು ಸ್ವಲ್ಪ ಸಹಿಸಿಕೊಳ್ಳಿ.

ಮೊದಲು ಕುರಾಸಾವ್ ವಿಷಯ ಮುಗಿಸಿಬಿಡುತ್ತೇನೆ. ಆ ತಂಡದ ಬಹುತೇಕ ಆಟಗಾರರು ಹುಟ್ಟಿ ಬೆಳೆದು ಆಟ ಕಲಿತದ್ದು ನೆದರ್ಲೆಂಡ್ಸ್‌ನಲ್ಲಿ. ದ್ವೀಪ ಅದೇ ರಾಜಮನೆತನದ ಆಳ್ವಿಕೆಗೆ ಸೇರಿದ್ದು, ಪಾಸ್‌ಪೋರ್ಟ್ ಎರಡಕ್ಕೂ ಒಂದೇ. ನಮ್ಮಲ್ಲಿ ಎರಡು ದೇಶದ ಪೌರತ್ವಕ್ಕೆ ಅವಕಾಶವೇ ಇಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಭಾರತಕ್ಕೆ ಆಡಲು 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವವನ್ನೇ ಬಿಡಬೇಕಾಯಿತು. ಹಾಗಾಗಿ ಆ ದಾರಿ ಬೇರೆ, ಅದನ್ನು ನಮ್ಮ ಪಕ್ಕ ಇಟ್ಟು ತೂಗುವುದರಲ್ಲಿ ಅರ್ಥವಿಲ್ಲ. ಆದರೆ ಐಸ್‌ಲ್ಯಾಂಡ್ ಹಾಗಲ್ಲ. ಅಲ್ಲಿ ಆದದ್ದನ್ನು ಇಟ್ಟಿಗೆ ಇಟ್ಟಿಗೆಯಾಗಿ ಬಿಡಿಸಿ ತೋರಿಸಬಹುದು. ಅದಕ್ಕೇ ಈ ಸಿಟ್ಟು.

ಐಸ್‌ಲ್ಯಾಂಡ್ ಫುಟ್‌ಬಾಲ್ ಸಂಸ್ಥೆ, ಅಂದರೆ ಕೆಎಸ್‌ಐ, ಹುಟ್ಟಿದ್ದು 1947ರಲ್ಲಿ. 1967ರಲ್ಲಿ ಡೆನ್ಮಾರ್ಕ್ ಎದುರು ಅವರ ತಂಡ 14–2ರಿಂದ ಸೋತಿತ್ತು. 2012ರಲ್ಲಿ ಫಿಫಾ ರ್‍ಯಾಂಕಿಂಗ್‌ನಲ್ಲಿ 131ನೇ ಸ್ಥಾನ. ನಾಲ್ಕು ವರ್ಷಕ್ಕೆ, 2016ರ ಯೂರೋದಲ್ಲಿ, ಅಂದರೆ ಯೂರೋಪಿನ ದೇಶಗಳ ಚಾಂಪಿಯನ್‌ಷಿಪ್‌ನಲ್ಲಿ, ಫ್ರಾನ್ಸಿನ ನೀಸ್ ಊರಲ್ಲಿ ಇಂಗ್ಲೆಂಡನ್ನು 2–1ರಿಂದ ಸೋಲಿಸಿ ಕ್ವಾರ್ಟರ್ ಫೈನಲ್. 2018ರಲ್ಲಿ ವಿಶ್ವಕಪ್, ಮೊದಲ ಪಂದ್ಯದಲ್ಲೇ ಅರ್ಜೆಂಟೀನಾ ಜತೆ 1–1. ಜನಸಂಖ್ಯೆ ಆಗ ಮೂರೂಕಾಲು ಮೂರೂವರೆ ಲಕ್ಷ. 2011ರ ಜನಗಣತಿಯ ಶಿವಮೊಗ್ಗ ನಗರದಷ್ಟು ಅಂದುಕೊಳ್ಳಿ. 2012 ಮತ್ತು 2016 ಇವೆರಡನ್ನೇ ನೋಡಿದವರಿಗೆ ಅದು ಪವಾಡವಾಗಿ ಕಾಣುತ್ತದೆ. 2000ದಿಂದ ನೋಡಬೇಕು.

ಆ ನಾಡಿನಲ್ಲಿ ಡಿಸೆಂಬರ್ ಹೊತ್ತಿಗೆ ಹಗಲು ನಾಲ್ಕೇ ಗಂಟೆ. ಹುಲ್ಲಿನ ಮೈದಾನದಲ್ಲಿ ಸರಿಯಾಗಿ ಆಡಲು ಸಿಗುವುದು ವರ್ಷಕ್ಕೆ ಐದಾರು ತಿಂಗಳು. ಉಳಿದಂತೆ ನೆಲ ಹೆಪ್ಪುಗಟ್ಟಿರುತ್ತದೆ, ಇಲ್ಲವೇ ಕೆಸರು, ಮೇಲೆ ಚೆಂಡನ್ನೇ ಹಾರಿಸಿಕೊಂಡು ಹೋಗುವ ಗಾಳಿ. ಅಂಥ ನೆಲದಲ್ಲಿ ಮಗು ಕಲಿಯುವುದು ಚೆಂಡನ್ನು ದೂರಕ್ಕೆ ಒದೆಯುವುದನ್ನು ಮಾತ್ರ. ಕಾಲಲ್ಲಿ ಹಿಡಿದು, ತಿರುಗಿ, ಸಣ್ಣ ಪಾಸ್ ಕೊಡುವುದನ್ನು ಕಲಿಯಲು ಸಪಾಟು ನೆಲ ಬೇಕು. 2000ದಲ್ಲಿ ಕೆಫ್ಲಾವಿಕ್‌ನಲ್ಲಿ ಪೂರ್ತಿ ಅಳತೆಯ ಮೈದಾನಕ್ಕೆ ಸೂರು ಹಾಕಿದ ಮೊದಲ ಹಾಲ್ ಕಟ್ಟಿದರು. ಆಮೇಲೆ ರೆಯ್ಕ್ಯಾವಿಕ್, ಕೊಪವೊಗುರ್, ಅಕುರೇರಿ ಹೀಗೆ ಒಂದೊಂದಾಗಿ ಎದ್ದವು. ಕಟ್ಟಿದ್ದು ಯಾರು ಅನ್ನುವುದು ಮುಖ್ಯ. ಫುಟ್‌ಬಾಲ್ ಸಂಸ್ಥೆ ಅಲ್ಲ, ಊರಿನ ಪುರಸಭೆಗಳು. ಹಾಗಾಗಿ ಕೀಲಿಕೈ ಯಾವ ಶ್ರೀಮಂತ ಕ್ಲಬ್ಬಿನ ಕೈಯಲ್ಲೂ ಇಲ್ಲ. ಊರಿನ ಎಲ್ಲ ವಯಸ್ಸಿನ ಹುಡುಗ ಹುಡುಗಿಯರಿಗೂ ಅದರಲ್ಲಿ ಸಮಯ ಸಿಗುತ್ತದೆ.

ಕೆಎಸ್‌ಐ ಮಾಡಿದ್ದು ಇನ್ನೂ ಸಣ್ಣದಾಗಿ ಕಾಣುವ ಕೆಲಸ. 2004ರಿಂದ ಶಾಲೆಗಳ ಪಕ್ಕ ಪುಟ್ಟ ಪುಟ್ಟ ಕೃತಕ ಹುಲ್ಲಿನ ಅಂಕಣಗಳು, ಸುತ್ತ ಅಡ್ಡಗೋಡೆ. ಇಂಥವು ದೇಶದಲ್ಲಿ 100ಕ್ಕೂ ಹೆಚ್ಚು. ಶಾಲೆ ಬಿಟ್ಟ ಮೇಲೆ ಮಕ್ಕಳು ತಾವಾಗಿಯೇ ಹೋಗಿ ಆಡುತ್ತಾರೆ, ದುಡ್ಡು ಕೇಳುವವರಿಲ್ಲ. ಬೆಂಗಳೂರಿನಲ್ಲಿ ಟರ್ಫ್ ಅಂದರೆ ಗಂಟೆಗಿಷ್ಟು ಅಂತ ಬಾಡಿಗೆಗೆ ಕೊಡುವ ಜಾಗ. ಆಫೀಸು ಮುಗಿಸಿ ಬಂದವರು ಆಡುತ್ತಾರೆ, ಎಂಟು ವರ್ಷದ ಮಗು ಬೇಲಿಯ ಹೊರಗೆ ನಿಂತು ನೋಡುತ್ತದೆ.

ಕೃತಕ ಹುಲ್ಲು ಹಾಸಿದರೆ ಮುಗಿಯಿತು ಅಂದುಕೊಳ್ಳುವುದು ಇನ್ನೊಂದು ತಪ್ಪು. ಹುಲ್ಲಿನ ಎಳೆಗಳ ನಡುವೆ ಮರಳು, ರಬ್ಬರ್ ಕಾಳು ತುಂಬಿರುತ್ತಾರೆ. ಪೆನಾಲ್ಟಿ ಜಾಗದಲ್ಲಿ, ಗೋಲಿನ ಮುಂದೆ, ಕಾರ್ನರ್ ಮೂಲೆಯಲ್ಲಿ ಕಾಲಿನ ತಿಕ್ಕಾಟಕ್ಕೆ ಆ ಕಾಳು ಚದುರಿಹೋಗುತ್ತದೆ. ಬ್ರಷ್ ಹೊಡೆದು ಮತ್ತೆ ಹರಡದಿದ್ದರೆ ಎಳೆಗಳು ಮಲಗುತ್ತವೆ, ಚೆಂಡು ಜಾರುತ್ತದೆ, ಬೂಟಿನ ಮೊಳೆ ಸಿಕ್ಕಿಕೊಂಡು ಮಂಡಿ ತಿರುಚುತ್ತದೆ. ಫಿಫಾದ ಮೇಲ್ದರ್ಜೆಯ ಪ್ರಮಾಣಪತ್ರದ ಅವಧಿ ಒಂದೇ ವರ್ಷ, ಕೆಳದರ್ಜೆಯದು ಮೂರು. ಪ್ರತಿಸಲ ಹೊಸದಾಗಿ ಪರೀಕ್ಷೆ. ಟೇಪ್ ಕತ್ತರಿಸಿ ಫೋಟೊ ತೆಗೆಸಿಕೊಂಡ ದಿನಕ್ಕೆ ಖರ್ಚು ನಿಲ್ಲುವುದಿಲ್ಲ, ಅಲ್ಲಿಂದಲೇ ಶುರುವಾಗುತ್ತದೆ.

ಇಷ್ಟೆಲ್ಲ ಹೇಳಿದರೂ ನನ್ನ ಪ್ರಕಾರ ನಿಜವಾದ ಕೆಲಸ ನಡೆದದ್ದು ಕೋಚ್‌ಗಳ ವಿಷಯದಲ್ಲಿ. ಕೆಎಸ್‌ಐ ತನ್ನ ತರಬೇತಿಯನ್ನು ಯೂರೋಪಿನ ಲೈಸೆನ್ಸ್‌ಗೆ ಹೊಂದಿಸಿ, ಕೆಲಸಕ್ಕೆ ಹೋಗುವವರೂ ಮುಗಿಸುವ ಹಾಗೆ ವಾರಾಂತ್ಯದ ಕಂತುಗಳಲ್ಲಿ ನಡೆಸಿತು. ಅದರಲ್ಲಿ ಒಂದು ದರ್ಜೆಯಾದ ಬಿ ಲೈಸೆನ್ಸ್ ಅಂದರೆ ಈಗಿನ ನಿಯಮದಲ್ಲಿ ಕನಿಷ್ಠ 120 ಗಂಟೆಯ ಪಾಠ. 2016ರ ಹೊತ್ತಿಗೆ ದೇಶದಲ್ಲಿ 600ರ ಹತ್ತಿರ ಅರ್ಹ ಕೋಚ್‌ಗಳಿದ್ದರು. ಆರೇಳು ವರ್ಷದ ಮಕ್ಕಳಿಗೂ ಸಂಬಳ ತೆಗೆದುಕೊಳ್ಳುವ, ಓದಿಕೊಂಡ ಕೋಚ್.

ಇದರಿಂದ ಏನಾಗುತ್ತದೆ ಅಂತ ಕೇಳಿ. ಓದದ ಕೋಚ್ 40 ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎರಡು ಚೆಂಡು ಕೊಡುತ್ತಾನೆ. ಒಬ್ಬೊಬ್ಬರಾಗಿ ಓಡಿ ಗೋಲಿಗೆ ಒದೆಯಬೇಕು. ಒಂದು ಗಂಟೆಯಲ್ಲಿ ಮಗುವಿನ ಕಾಲಿಗೆ ಚೆಂಡು ತಾಗುವುದು ಬೆರಳೆಣಿಕೆಯಷ್ಟು ಸಲ, ಮಿಕ್ಕ ಹೊತ್ತೆಲ್ಲ ಸಾಲಿನಲ್ಲಿ ನಿಂತಿರುವುದು. ಕಲಿತ ಕೋಚ್ ಅದೇ 40 ಮಕ್ಕಳನ್ನು ನಾಲ್ಕು ನಾಲ್ಕರಂತೆ ಹಂಚಿ, ಐದು ಪುಟ್ಟ ಅಂಕಣ ಗುರುತು ಮಾಡಿ, ಪ್ರತಿಯೊಂದಕ್ಕೂ ಒಂದು ಚೆಂಡು ಹಾಕುತ್ತಾನೆ. ಎಲ್ಲರೂ ಪೂರ್ತಿ ಗಂಟೆ ಆಡುತ್ತಾರೆ. ಎರಡೂ ಕಾಲಿನ ಹಿಡಿತ ಕೂರುವುದು ಹನ್ನೆರಡರ ಒಳಗೆ. ಹದಿನಾರಕ್ಕೆ ಪ್ರತಿಭಾ ಶೋಧ ಅಂತ ಶಿಬಿರ ಮಾಡಿದರೆ ಆ ಹೊತ್ತಿಗೆ ತಡವಾಗಿರುತ್ತದೆ. 2000ದ ಸುಮಾರಿಗೆ ಹತ್ತರ ಆಸುಪಾಸಿನಲ್ಲಿದ್ದ ಮಕ್ಕಳೇ 2010ರಲ್ಲಿ 21ರ ಒಳಗಿನ ತಂಡವಾಗಿ ಜರ್ಮನಿಯನ್ನು 4–1ರಿಂದ ಸೋಲಿಸಿದರು. ಇಂಗ್ಲೆಂಡ್ ವಿರುದ್ಧ ಆಡಿದವರಲ್ಲಿ ಹಲವರು ಅವರೇ.

ಆಮೇಲೆ ಆ "ದಂತವೈದ್ಯ ಕೋಚ್" ಕಥೆ. ಐಸ್‌ಲ್ಯಾಂಡ್ ತಂಡದ ಕೋಚ್ ಆಗಿದ್ದ ಹೇಮಿರ್ ಹಾಲ್‌ಗ್ರಿಮ್ಸನ್ ಹಲ್ಲಿನ ಡಾಕ್ಟರು ಹೌದು. ಆದರೆ ರಾಷ್ಟ್ರೀಯ ತಂಡಕ್ಕೆ ಬರುವ ಮೊದಲೇ ತನ್ನ ಊರಾದ ಪುಟ್ಟ ದ್ವೀಪದ ಕ್ಲಬ್ಬಿನ ಹೆಣ್ಣುಮಕ್ಕಳ ತಂಡ, ಗಂಡಸರ ತಂಡ ಎರಡಕ್ಕೂ ಕೋಚ್ ಆಗಿದ್ದವರು. 2011ರಿಂದ ರಾಷ್ಟ್ರೀಯ ತಂಡದಲ್ಲಿ ಸ್ವೀಡನ್ನಿನ ಕೋಚ್ ಲಾರ್ಸ್ ಲಾಗರ್‌ಬಾಕ್ ಅವರ ಜತೆ ಪಳಗಿದವರು. ಅಷ್ಟು ವರ್ಷದ ದುಡಿಮೆಯನ್ನು ಮರೆಮಾಡಿ ಹಲ್ಲನ್ನು ಮಾತ್ರ ಬರೆಯುವುದು ಆ ಮನುಷ್ಯನಿಗೆ ಮಾಡುವ ಅನ್ಯಾಯ.

"ಅವರದು ಯೂರೋಪು, ದುಡ್ಡಿದೆ" ಅನ್ನುತ್ತೀರಿ. ಇದೆ, ಒಪ್ಪಿದೆ. ಯೂರೋಪಿನ ಸಂಸ್ಥೆಯಿಂದ ಹಣ ಬರುತ್ತದೆ, ಪುರಸಭೆಗಳಿಗೆ ಶಕ್ತಿ ಇದೆ. ಆದರೆ ಫಿಫಾ 2023–26ರ ಅವಧಿಗೆ ತನ್ನ 211 ಸದಸ್ಯರಿಗೂ ಇಟ್ಟಿರುವ ಅಭಿವೃದ್ಧಿ ನಿಧಿಯ ಮಿತಿ ಒಂದೇ, 80 ಲಕ್ಷ ಡಾಲರ್. ಅವರಿಗೂ ಅಷ್ಟೇ, ನಮಗೂ ಅಷ್ಟೇ. "ನಮ್ಮಲ್ಲಿ ಕ್ರಿಕೆಟ್ ಎಲ್ಲವನ್ನೂ ನುಂಗಿತು" ಅನ್ನುವ ಮಾತೂ ಬರುತ್ತದೆ. ಐಸ್‌ಲ್ಯಾಂಡ್‌ಗೆ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಬಂದದ್ದು ಹ್ಯಾಂಡ್‌ಬಾಲ್‌ನಲ್ಲಿ. ಅಲ್ಲಿ ಒಂದು ಆಟ ಇನ್ನೊಂದನ್ನು ನುಂಗಲಿಲ್ಲ.

ಕೆಎಸ್‌ಐಯನ್ನು ದೇವರ ಮನೆಯಲ್ಲಿ ಇಟ್ಟು ಪೂಜಿಸಿ ಅನ್ನುತ್ತಿಲ್ಲ. 2021ರಲ್ಲಿ ಆಟಗಾರರ ವಿರುದ್ಧ ಬಂದ ಲೈಂಗಿಕ ದೌರ್ಜನ್ಯದ ದೂರುಗಳನ್ನು ನಿಭಾಯಿಸಿದ ರೀತಿಗೆ ಅಧ್ಯಕ್ಷರು, ಬೆನ್ನಿಗೇ ಇಡೀ ಮಂಡಳಿ ರಾಜೀನಾಮೆ ಕೊಡಬೇಕಾಯಿತು. ಅದು ದೊಡ್ಡ ಕಳಂಕವೇ. ಆದರೆ ಕುರ್ಚಿ ಬಿಟ್ಟರು, ಅಕ್ಟೋಬರ್‌ನಲ್ಲಿ ಕ್ಲಬ್ಬುಗಳ ಸಭೆ ಸೇರಿ ವಾಂಡಾ ಸಿಗುರ್‌ಗೆರ್ಸ್‌ದೊತ್ತಿರ್ ಅವರನ್ನು ಆರಿಸಿತು. ಯೂರೋಪಿನ ಫುಟ್‌ಬಾಲ್ ಸಂಸ್ಥೆಯೊಂದಕ್ಕೆ ಮಹಿಳೆ ಅಧ್ಯಕ್ಷೆಯಾದದ್ದು ಅದೇ ಮೊದಲು.

ಆಟದಲ್ಲೂ ಸೋತಿದ್ದಾರೆ. 2020ರ ಯೂರೋ, 2022ರ ವಿಶ್ವಕಪ್, 2024ರ ಯೂರೋ, 2026ರ ವಿಶ್ವಕಪ್, ಯಾವುದೂ ಸಿಗಲಿಲ್ಲ. ಪವಾಡ ಅಂದವರು ಆ ವರ್ಷಗಳಲ್ಲಿ ಒಂದು ಸಾಲೂ ಬರೆಯಲಿಲ್ಲ. 2025ರ ಮಾರ್ಚ್‌ನಲ್ಲಿ ಕೊಸೊವೊ ವಿರುದ್ಧದ ತವರು ಪಂದ್ಯವನ್ನು ಸ್ಪೇನಿನ ಮುರ್ಸಿಯಾದಲ್ಲಿ ಆಡಬೇಕಾಯಿತು, ತಮ್ಮ ನೆಲದಲ್ಲಿ ಆಡುವ ಸ್ಥಿತಿ ಇರಲಿಲ್ಲ. ಅದೇ ವರ್ಷ ರೆಯ್ಕ್ಯಾವಿಕ್‌ನ ರಾಷ್ಟ್ರೀಯ ಕ್ರೀಡಾಂಗಣ ಲೌಗರ್‌ದಾಲ್ಸ್‌ವೋಲ್ಲುರ್‌ನ ಹಳೆಯ ಹುಲ್ಲನ್ನು ಕಿತ್ತು, ನೆಲದಡಿ ಬಿಸಿಯ ಕೊಳವೆ ಎಳೆದು, ನಿಜವಾದ ಹುಲ್ಲಿನ ನಡುವೆ ಕೃತಕ ಎಳೆ ಹೊಲಿದ ಹೊಸ ನೆಲ ಮಾಡಿದರು. ಚಳಿ ಶುರುವಾಗುವ ಹೊತ್ತಿಗೆ, ಅಕ್ಟೋಬರ್ 13ರಂದು, ಅದೇ ನೆಲದಲ್ಲಿ ಫ್ರಾನ್ಸ್ ಜತೆ 2–2.