ಎಣ್ಣೆಗಾಯಿ ಪಕ್ಕದಲ್ಲೊಂದು ಸೀಲಿಂಗ್ ಫ್ಯಾನು

ಬಳ್ಳಾರಿಯ ಯಾವುದಾದರೂ ಖಾನಾವಳಿಗೆ ಹೋಗಿ, ಊಟಕ್ಕೆ ಕೂತು, ಬಂದ ತಟ್ಟೆಗೆ ನೇರ ಮೇಲಿಂದ ಫೋನು ಹಿಡಿದು ಒಂದು ಫೋಟೊ ಹೊಡೆಯಿರಿ. ಆಮೇಲೆ ಅದನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿ. ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ, ನಾಲ್ಕು ಹೋಳು ಹಸಿ ಉಳ್ಳಾಗಡ್ಡಿ. ಇವುಗಳ ಜೊತೆಗೆ ನೀವು ಹೇಳದೆಯೇ ಬಂದ ಮೂರು ಐಟಂ: ಮೂರು ರೆಕ್ಕೆಯ ಸೀಲಿಂಗ್ ಫ್ಯಾನು, ಒಂದು ಟ್ಯೂಬ್‌ಲೈಟು, ಮತ್ತು ಫೋನು ಎತ್ತಿ ಹಿಡಿದು ಬಾಯಿ ತೆರೆದುಕೊಂಡಿರುವ ನಿಮ್ಮದೇ ಮುಖ. ಸ್ಟೀಲ್ ತಟ್ಟೆ ಎಂಬುದು ಅಂಚು ಮಡಚಿದ ಕನ್ನಡಿ.

ಊಟದ ಫೋಟೊ ಕಲಿಸುವ ವಿಡಿಯೊಗಳಲ್ಲಿ ಈ ಫ್ಯಾನಿನ ಪ್ರಸ್ತಾಪವೇ ಬರುವುದಿಲ್ಲ. ಅಲ್ಲಿ ಪಿಂಗಾಣಿ ತಟ್ಟೆ, ಮರದ ಮೇಜು, ಗೋಡೆಯಗಲದ ಕಿಟಕಿ, ಕಿಟಕಿಗೆ ತೆಳು ಪರದೆ. ನಮ್ಮಲ್ಲಿ ಸ್ಟೀಲ್ ತಟ್ಟೆ, ಕಡಪ ಕಲ್ಲಿನ ಮೇಜು, ಕಿಟಕಿ ಇರಬೇಕಾದ ಜಾಗದಲ್ಲಿ ಕೈ ತೊಳೆಯುವ ಬೇಸಿನ್ನು. ಹಾಗಾಗಿ "ನೇರ ಮೇಲಿಂದ ತೆಗೆಯಿರಿ" ಎಂಬ ಅವರ ಮೊದಲ ಪಾಠವೇ ನಮ್ಮ ಮೊದಲ ಅವಘಡ.

ಕನ್ನಡಿಯ ನಿಯಮ ಹೈಸ್ಕೂಲಿನಲ್ಲಿ ಓದಿದ್ದೇ. ಬೆಳಕು ಯಾವ ಕೋನದಲ್ಲಿ ಬಂದು ಬೀಳುತ್ತದೋ ಅದೇ ಕೋನದಲ್ಲಿ ಆಚೆ ಹೋಗುತ್ತದೆ. ಮೇಲಿಂದ ನೋಡಿದರೆ ತಟ್ಟೆ ಮೇಲಿರುವುದನ್ನೇ ತೋರಿಸುತ್ತದೆ, ಅಂದರೆ ಫ್ಯಾನು ಮತ್ತು ನೀವು. ಫೋನನ್ನು 45 ಡಿಗ್ರಿಗೆ ಇಳಿಸಿದರೆ ಅದು ಎದುರು ಗೋಡೆಯನ್ನು ತೋರಿಸುತ್ತದೆ. ಆದ್ದರಿಂದ ಜಾಗ ಹಿಡಿಯುವ ಮುಂಚೆ ಎದುರು ಗೋಡೆ ನೋಡಿಕೊಳ್ಳಬೇಕು. ಸುಣ್ಣ ಬಳಿದ ಖಾಲಿ ಗೋಡೆಯಾದರೆ ಪುಣ್ಯ, ತಟ್ಟೆ ಹಾಲಿನ ಬಣ್ಣಕ್ಕೆ ತಿರುಗಿ ನಯವಾಗಿ ಬರುತ್ತದೆ. ದೇವರ ಪಟಕ್ಕೆ ಸೀರಿಯಲ್ ಸೆಟ್ ಬಿಟ್ಟಿದ್ದರೆ ಉಪ್ಪಿನಕಾಯಿ ಪಕ್ಕದಲ್ಲಿ ಕೆಂಪು-ಹಸಿರು ದೀಪಾವಳಿ. ಕ್ಲಿಕ್ ಮಾಡುವಾಗ ಪಲ್ಯದ ಚಿಂತೆ ಬಿಟ್ಟು ಖಾಲಿ ಸ್ಟೀಲಿನ ಮೇಲೆ ಕಣ್ಣಿಡಿ. ಫೋನನ್ನು ಗೇಣು ಎಡಕ್ಕೆ, ಗೇಣು ಬಲಕ್ಕೆ ಸರಿಸುತ್ತ ಹೋದರೆ ಫ್ಯಾನು ಜಾರಿ ತಟ್ಟೆಯಿಂದ ಆಚೆ ಬೀಳುವ ಒಂದು ಜಾಗ ಸಾಮಾನ್ಯವಾಗಿ ಸಿಗುತ್ತದೆ. ಸಿಗದಿದ್ದರೆ ಸ್ಟೀಲನ್ನೇ ಮುಚ್ಚಿಬಿಡುವುದು: ರೊಟ್ಟಿ ಮಡಚದೆ ಅಗಲಕ್ಕೆ ಹರಡಿ, ಬಾಳೆಎಲೆಯ ತುಂಡು ಕೇಳಿ ಕೆಳಗೆ ಹಾಸಿ. ಲೋಟ ಮಾತ್ರ ಇದ್ಯಾವುದಕ್ಕೂ ಬಗ್ಗುವುದಿಲ್ಲ. ಅದು ಉಬ್ಬುಗನ್ನಡಿ, ಎಲ್ಲಿಂದ ಹಿಡಿದರೂ ಇಡೀ ಹೋಟೆಲನ್ನು ಸಣ್ಣದು ಮಾಡಿ ತೋರಿಸುತ್ತದೆ. ಎತ್ತಿ ಪಕ್ಕದ ಮೇಜಿಗೆ ಇಡುವುದೊಂದೇ ದಾರಿ.

ಫ್ಯಾನ್ ಆಫ್ ಮಾಡಿಸುವ ಯೋಚನೆ ಮಾತ್ರ ಬೇಡ. ಏಪ್ರಿಲ್ ತಿಂಗಳ ಬಳ್ಳಾರಿ, ಮಧ್ಯಾಹ್ನ ಒಂದೂವರೆ, ತುಂಬಿದ ಖಾನಾವಳಿ. ಅಂಥಲ್ಲಿ "ಅಣ್ಣಾ, ಒಂದ್ ನಿಮಿಷ ಫ್ಯಾನ್ ಬಂದ್ ಮಾಡ್ತೀರೇನ್ರಿ" ಅಂದವರ ಫೋಟೊವನ್ನು ಮರುದಿನ ಬೇರೆಯವರು ಪೇಪರಿಗೆ ಕೊಡಬೇಕಾಗುತ್ತದೆ.

ಇನ್ನು ಬೆಳಕು. ನನ್ನ ಲೆಕ್ಕದಲ್ಲಿ ಕ್ಯಾಮೆರಾಕ್ಕಿಂತ ಕುರ್ಚಿ ಮುಖ್ಯ. ನಲವತ್ತು ಸಾವಿರದ ಫೋನು ಹಿಡಿದು ಮೂಲೆಯ ಮೇಜಿನಲ್ಲಿ ಕೂತವರಿಗಿಂತ, ಹತ್ತು ಸಾವಿರದ ಫೋನು ಹಿಡಿದು ಬಾಗಿಲ ಪಕ್ಕ ಕೂತವರ ಊಟ ಚೆಂದ ಬರುತ್ತದೆ. ಹೊಸ್ತಿಲಿನಿಂದ ಮೂರು-ನಾಲ್ಕು ಅಡಿ ಒಳಗೆ, ಬಿಸಿಲು ನೇರ ಬೀಳದ ನೆರಳಿನ ಜಾಗ ಹುಡುಕಿ. ನೇರ ಬಿಸಿಲಿಗೆ ತಟ್ಟೆ ಇಟ್ಟರೆ ಅನ್ನ ಸುಟ್ಟ ಸುಣ್ಣದಂತೆ ಬೆಳ್ಳಗಾಗಿ, ಎಣ್ಣೆಗಾಯಿಯ ನೆರಳು ಕಪ್ಪು ಗುಂಡಿಯಾಗುತ್ತದೆ. ಬಾಗಿಲು ನಿಮ್ಮ ಬೆನ್ನಿಗಿರಬಾರದು, ಯಾಕೆಂದರೆ ಆಗ ನಿಮ್ಮ ನೆರಳೇ ಊಟದ ಮೇಲೆ ಮಲಗುತ್ತದೆ. ತಟ್ಟೆಯ ಎಡಕ್ಕೋ ಬಲಕ್ಕೋ, ಇಲ್ಲವೇ ತುಸು ಹಿಂದಕ್ಕೋ ಬಾಗಿಲು ಬರುವಂತೆ ಕೂತುಕೊಳ್ಳಿ. ಪಕ್ಕದಿಂದ ಬಂದ ಬೆಳಕು ರೊಟ್ಟಿಯ ಮೇಲಿನ ಸುಟ್ಟ ಚುಕ್ಕೆ, ಚಟ್ನಿಪುಡಿಯ ತರಿ, ಪಲ್ಯದ ಮೇಲಿನ ಎಣ್ಣೆ ಎಲ್ಲವನ್ನೂ ಎತ್ತಿ ತೋರಿಸುತ್ತದೆ. ಆಚೆ ಬದಿ ತೀರಾ ಕತ್ತಲಾದರೆ ಒಂದು ಬಿಳಿ ಟಿಶ್ಯೂ ಅಥವಾ ಮೆನು ಕಾರ್ಡಿನ ಖಾಲಿ ಬೆನ್ನನ್ನು ತಟ್ಟೆಯಿಂದ ಅರ್ಧ ಅಡಿ ದೂರ, ಚೌಕಟ್ಟಿನ ಹೊರಗೆ ನಿಲ್ಲಿಸಿ. ಅದೇ ರಿಫ್ಲೆಕ್ಟರ್. ಫೋನಿನ ಫ್ಲಾಶ್ ಅನ್ನು ಮರೆತುಬಿಡಿ. ಅದು ಎಣ್ಣೆಗಾಯಿಯನ್ನು ಅಪಘಾತದ ಪಂಚನಾಮೆಯ ಫೋಟೊ ಮಾಡಿಬಿಡುತ್ತದೆ.

ಬಾಗಿಲ ಬೆಳಕು ಮತ್ತು ಒಳಗಿನ ದೀಪ ಕೂಡಿದರೆ ಇನ್ನೊಂದು ಕಿತಾಪತಿ. ಬೆಳಕಿನ ಬಣ್ಣ ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ ಹಗಲ ಬೆಳಕು ಸುಮಾರು 5500, ಬಿಳಿ ಎಲ್‌ಇಡಿ 6500, ಹಳದಿ ಬಲ್ಬು 2700ರ ಆಸುಪಾಸು; ಅಂಕಿ ಇಳಿದಷ್ಟೂ ಹಳದಿ, ಏರಿದಷ್ಟೂ ನೀಲಿ. ಹಗಲು ಮತ್ತು ಹಳದಿ ಬಲ್ಬು ಒಂದೇ ತಟ್ಟೆಗೆ ಬಿದ್ದರೆ ಫೋನು ಯಾರ ಪಕ್ಷ ಹಿಡಿಯಬೇಕೆಂದು ತಿಳಿಯದೆ ರೊಟ್ಟಿಯ ಅರ್ಧಕ್ಕೆ ನೀಲಿ, ಅರ್ಧಕ್ಕೆ ಅರಿಶಿನ ಬಳಿಯುತ್ತದೆ. ಒಂದೇ ಬೆಳಕಿನ ಕೆಳಗೆ ಇರುವುದೇ ಪರಿಹಾರ. ಬಣ್ಣ ಸರಿ ಇದೆಯೋ ಇಲ್ಲವೋ ಎಂದು ನೋಡಲು ಬೇರೆ ಸಾಧನವೂ ಬೇಡ. ಸಿರುಗುಪ್ಪದ ಕಡೆಯ ಸೋನಾ ಮಸೂರಿ ಅನ್ನ ತಟ್ಟೆಯಲ್ಲೇ ಇದೆ. ಎಡಿಟ್ ಮಾಡುವಾಗ ಹಳದಿ-ನೀಲಿ ಹೆಚ್ಚುಕಮ್ಮಿ ಮಾಡುವ ವಾರ್ಮ್ತ್ ಗೀಟನ್ನು ಅನ್ನ ಬಿಳಿಯಾಗುವವರೆಗೆ ಸರಿಸಿ. ಅನ್ನ ಬಿಳಿಯಾದರೆ ಉಳಿದದ್ದೆಲ್ಲ ತಾನಾಗಿ ಸಾಲಿಗೆ ಬರುತ್ತದೆ.

ಈ ಮದ್ದು ನಡೆಯದ ಜಾಗವೊಂದಿದೆ: ಸಂಜೆಯ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಬಂಡಿ. ಬಂಡಿಯ ಮೇಲೆ ನೀಲಿ ತಾಡಪಾಲು ಕಟ್ಟಿರುತ್ತಾರೆ. ಅದರೊಳಗಿಂದ ಸೋಸಿ ಬಂದ ಬೆಳಕಿನಲ್ಲಿ ಕೆಂಪು-ಹಳದಿ ಇರುವುದೇ ಕಮ್ಮಿ. ಇಲ್ಲದ್ದನ್ನು ಎಡಿಟಿಂಗ್ ಆ್ಯಪ್ ಎಲ್ಲಿಂದ ತಂದುಕೊಡಬೇಕು? ಅರಿಶಿನದ ಒಗ್ಗರಣಿ ಪಾಚಿಯ ಬಣ್ಣಕ್ಕೆ ತಿರುಗುತ್ತದೆ, ಮಿರ್ಚಿ ಮ್ಯೂಸಿಯಂನಲ್ಲಿಟ್ಟ ವಸ್ತುವಿನಂತೆ ಕಾಣುತ್ತದೆ. ತಟ್ಟೆ ಹಿಡಿದು ತಾಡಪಾಲಿನಿಂದ ನಾಲ್ಕು ಹೆಜ್ಜೆ ಆಚೆ ಬನ್ನಿ, ಅಷ್ಟೇ. ಸೂರ್ಯ ಮುಳುಗಿದ ಮೇಲಿನ ಹತ್ತಿಪ್ಪತ್ತು ನಿಮಿಷದ ಮೆತ್ತನೆ ಬೆಳಕು ಇದಕ್ಕೆ ಹೇಳಿ ಮಾಡಿಸಿದ್ದು.

ಒಗ್ಗರಣಿಗೆ ಸ್ವಂತ ಆಕಾರವಿಲ್ಲ. ನೆನೆಸಿ ಹಿಂಡಿದ ಮಂಡಕ್ಕಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಮೇಲೊಂದಿಷ್ಟು ಪುಟಾಣಿ ಹಿಟ್ಟು. ಮೇಲಿಂದ ತೆಗೆದರೆ ಚಪ್ಪಟೆ ಹಳದಿ ನಕಾಶೆ. ಅದನ್ನು ಚಮಚದಲ್ಲಿ ಗುಡ್ಡೆ ಮಾಡಿ, ಫೋನನ್ನು 20-30 ಡಿಗ್ರಿಗೆ ಇಳಿಸಿ, ಗುಡ್ಡಕ್ಕೊಂದು ಮಿರ್ಚಿ ಒರಗಿಸಿ. ಇನ್ನೊಂದು ಮಿರ್ಚಿಯನ್ನು ಅಡ್ಡಕ್ಕೆ ಮುರಿದು ಒಳಗಿನ ಹಸಿರು ಕ್ಯಾಮೆರಾದ ಕಡೆ ತಿರುಗಿಸಿಡಿ. ಮುರಿಯದ ಮಿರ್ಚಿ ಫೋಟೊದಲ್ಲಿ ಏನು ಬೇಕಾದರೂ ಆಗಿರಬಹುದು. ಹಳೇ ಪೇಪರಿನ ಮೇಲೆ ಕೊಟ್ಟರೆ ಪೇಪರನ್ನು ಒಮ್ಮೆ ಓದಿ. ಕಾಗದದ ಮಸಿ ಹೊಟ್ಟೆಗೆ ಒಳ್ಳೆಯದಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುತ್ತಲೇ ಇದೆ. ಫೋಟೊಕ್ಕೂ ಒಳ್ಳೆಯದಲ್ಲ. ಮಿರ್ಚಿಯ ಕೆಳಗೆ ಶ್ರದ್ಧಾಂಜಲಿ ಬಂದಿದ್ದರೆ, ನೋಡಿದವರೆಲ್ಲ ಮಿರ್ಚಿ ಬಿಟ್ಟು "ಯಾರಪಾ ಇವ್ರು, ತೀರ್ಕೊಂಡಿದ್ದು ಯಾವಾಗ" ಎಂದು ಕೇಳುತ್ತಾರೆ.

ಹೊಸಬರೆಲ್ಲ ಮಾಡುವ ಇನ್ನೊಂದು ತಪ್ಪು, ತಟ್ಟೆಗೆ ಮೂಗು ತಾಗಿಸುವುದು. ಫೋನಿನ ಮುಖ್ಯ ಲೆನ್ಸು ಅಗಲ ನೋಟದ್ದು. ಹತ್ತಿರ ಹೋದಷ್ಟೂ ಮುಂದಿನದು ಊದಿ, ಹಿಂದಿನದು ಕುಗ್ಗುತ್ತದೆ. ದುಂಡು ತಟ್ಟೆ ಮೊಟ್ಟೆಯಾಗುತ್ತದೆ, ಮಜ್ಜಿಗೆ ಗ್ಲಾಸು ಕುಡಿದವರಂತೆ ವಾಲುತ್ತದೆ. ಸಾಲದ್ದಕ್ಕೆ ಗೇಣಿಗಿಂತ ಹತ್ತಿರ ಹೋದರೆ ಎಷ್ಟೋ ಫೋನುಗಳಲ್ಲಿ ಫೋಕಸ್ಸೇ ಕೂರುವುದಿಲ್ಲ. ಎರಡಡಿ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡುವ 2ಎಕ್ಸ್ ಒತ್ತಿ, ಎಲ್ಲ ನೆಟ್ಟಗಾಗುತ್ತದೆ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಊಟಕ್ಕೆ ಬೇಡ. ಅದಕ್ಕೆ ಮುಖ ಗೊತ್ತು, ಚಮಚ ಗೊತ್ತಿಲ್ಲ, ಅರ್ಧ ಹಿಡಿಕೆಯನ್ನು ಮಂಜಿನಲ್ಲಿ ಕರಗಿಸಿಬಿಡುತ್ತದೆ. ಇದಕ್ಕೆಲ್ಲ ಮೊದಲು ಲೆನ್ಸನ್ನು ಹತ್ತಿ ಕರ್ಚೀಫಿನಿಂದ ಒರೆಸಿ. ಬಳ್ಳಾರಿಯ ಧೂಳಿಗೆ ಮಿರ್ಚಿಯ ಎಣ್ಣೆ ಸೇರಿದರೆ ಪ್ರತಿ ಟ್ಯೂಬ್‌ಲೈಟಿಗೂ ಒಂದೊಂದು ಪ್ರಭಾವಳಿ.

ಬೆಳಕು-ಕತ್ತಲಿನ ಲೆಕ್ಕದಲ್ಲಿ ಫೋನು ಸ್ವಲ್ಪ ದಡ್ಡ. ಎದುರಿಗೆ ಏನೇ ಇದ್ದರೂ ಅದನ್ನು ನಡುಮಟ್ಟದ ಬೂದು ಬಣ್ಣ ಮಾಡಬೇಕೆನ್ನುವುದು ಅದರ ಹಠ. ಮೊಸರನ್ನ ತುಂಬಿದ ಚೌಕಟ್ಟು ಬೂದು ಬಣ್ಣಕ್ಕೆ ತಿರುಗುತ್ತದೆ, ಕಪ್ಪು ಕಲ್ಲಿನ ಮೇಲಿನ ಎಣ್ಣೆಗಾಯಿ ವಿಪರೀತ ಬೆಳಗಿ ಎಣ್ಣೆಯ ಮಿಂಚು ಬಿಳಿ ಮಚ್ಚೆಯಾಗುತ್ತದೆ. ಊಟದ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಬೀಗ ಬೀಳುತ್ತದೆ, ಬಹಳಷ್ಟು ಫೋನುಗಳಲ್ಲಿ ಪಕ್ಕದಲ್ಲಿ ಬೆಳಕು ಏರಿಸಿ ಇಳಿಸುವ ಸೂರ್ಯನ ಗುರುತೂ ಬರುತ್ತದೆ. ಮೊಸರನ್ನಕ್ಕೆ ಸೂರ್ಯನನ್ನು ತುಸು ಮೇಲಕ್ಕೆ, ಎಣ್ಣೆಗಾಯಿಗೆ ತುಸು ಕೆಳಕ್ಕೆ. ಟ್ಯೂಬ್‌ಲೈಟಿನ ಕೆಳಗೆ ಫೋಟೊದಲ್ಲಿ ಅಡ್ಡ ಪಟ್ಟಿಗಳು ಕಂಡರೆ ಫೋನು ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸೆಟ್ಟಿಂಗನ್ನು ನಾವೇ ಆರಿಸುವ ಪ್ರೊ ಮೋಡಿನಲ್ಲಿ ಶಟರ್, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು, 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟಿ ಹೋಗುತ್ತದೆ.

ಇಷ್ಟೆಲ್ಲ ಸಿದ್ಧ ಮಾಡುವಷ್ಟರಲ್ಲಿ ಊಟ ಕಾಯುತ್ತದೆಯೇ? ಪೂರಿ ಕಾಯುವುದಿಲ್ಲ. ಒಳಗಿನ ಹಬೆ ಆರಿದಂತೆ ಒಂದೆರಡು ನಿಮಿಷಕ್ಕೆ ಸೋತ ಅಭ್ಯರ್ಥಿಯ ಹಾಗೆ ಕುಸಿಯುತ್ತದೆ. ದೋಸೆ ತನ್ನ ಹಬೆಯಲ್ಲೇ ಮೆತ್ತಗಾಗುತ್ತದೆ. ಬಿಸಿ ಅನ್ನದ ಹಬೆ ಫೋಟೊದಲ್ಲಿ ಕಾಣಬೇಕಾದರೆ ಹಿಂದೆ ಕಡಪ ಕಲ್ಲಿನಂಥ ಕಪ್ಪಿರಬೇಕು, ಬೆಳಕು ಹಿಂದಿನಿಂದಲೋ ಪಕ್ಕದಿಂದಲೋ ಬರಬೇಕು, ನೈಟ್ ಮೋಡ್ ಬಂದ್ ಇರಬೇಕು. ಸೆಕೆಂಡುಗಟ್ಟಲೆ ತೆರೆದಿರುವ ನೈಟ್ ಮೋಡಿನಲ್ಲಿ ಹಬೆ ಅಳಿಸಿಹೋಗಿ ಬರೀ ಮಬ್ಬು ಉಳಿಯುತ್ತದೆ. ಹಾಗಾಗಿ ಊಟ ಬರುವ ಮುಂಚೆಯೇ ಖಾಲಿ ತಟ್ಟೆಯೋ ಉಪ್ಪಿನ ಡಬ್ಬಿಯೋ ಇಟ್ಟು ಕೋನ, ಬೆಳಕು ಎಲ್ಲ ನೋಡಿಕೊಂಡಿರಬೇಕು. ಕಲಿಯಲು ಸರಿಯಾದ ಮಾಡೆಲ್ ಎಂದರೆ ಖಡಕ್ ರೊಟ್ಟಿ. ಕರಗುವುದಿಲ್ಲ, ಕುಸಿಯುವುದಿಲ್ಲ, ತಣ್ಣಗಾಗುವ ಭಯವಿಲ್ಲ, ಪ್ರತಿಫಲನವೂ ಇಲ್ಲ. ಮನೆಗೆ ಒಂದು ಕಟ್ಟು ತಂದಿಟ್ಟುಕೊಂಡರೆ ವಾರವಿಡೀ ಅಭ್ಯಾಸ ಮಾಡಿ, ಭಾನುವಾರ ತಿನ್ನಬಹುದು.

ಜನರನ್ನು ನಿಭಾಯಿಸುವುದು ಬೇರೆಯೇ ವಿದ್ಯೆ. ತಟ್ಟೆಯ ಮೇಲೆ ಬಗ್ಗಿ ಬಗ್ಗಿ ನೋಡಿದ ಕೂಡಲೇ ಸಪ್ಲಾಯರ್ ಓಡಿ ಬರುತ್ತಾನೆ, "ಯಾಕ್ರೀ ಸಾರ್, ಊಟದಾಗ ಏನರ ಬಿದ್ದೈತೇನ್ರಿ?" ಗಲ್ಲಾದಲ್ಲಿ ಕೂತ ಸಾವ್ಕಾರರಿಗೆ ನೀವು ಆಹಾರ ಇಲಾಖೆಯವರೇ ಎಂಬ ಅನುಮಾನ. ಮೊದಲೇ "ಊಟ ಚೊಲೋ ಐತ್ರಿ, ಒಂದ್ ಫೋಟೊ ತಗೊಳ್ಳೇನ್ರಿ?" ಎಂದು ಕೇಳಿಬಿಡಿ. ಬಾಗಿಲ ಪಕ್ಕದ ಮೇಜು, ಬಾಳೆಎಲೆ, ಅಂಚು ಒರೆಸಿದ ತಟ್ಟೆ ಮೂರೂ ಆ ಒಂದು ಮಾತಿಗೆ ಸಿಗುತ್ತವೆ. ಮನೆಯವರಿಗೆ ಮಾತ್ರ ಯಾವ ಮಾತೂ ನಡೆಯದು. ಮೂರನೇ ಕ್ಲಿಕ್ಕಿಗೆ ಅವ್ವ ಕೇಳುತ್ತಾಳೆ, "ನೈವೇದ್ಯ ಮುಗೀತೇನಪಾ? ಇನ್ನ ನಾವು ಉಣ್ಬೌದಾ?" ಅಲ್ಲಿಗೆ ಮುಗಿಸುವುದು ಕ್ಷೇಮ. ಮೂರು ಫೋಟೊದಲ್ಲಿ ಬಾರದ್ದು ಮೂವತ್ತರಲ್ಲೂ ಬರುವುದಿಲ್ಲ.

ಬೇಸಿಗೆಯಲ್ಲಿ ಫೋನೂ ಕೈಕೊಡುತ್ತದೆ. ಐಫೋನಿನವರು ಹೇಳುವುದು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ಹವೆಯಲ್ಲಿ ಬಳಸಿ ಎಂದು. ಬಳ್ಳಾರಿ-ರಾಯಚೂರಿನ ಏಪ್ರಿಲ್ ಅದನ್ನು ಊಟದ ಹೊತ್ತಿಗೇ ಮುಟ್ಟಿಬಿಡುತ್ತದೆ. ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿ ತಂದ ಫೋನಿನ ಪರದೆ ತಾನಾಗಿ ಮಂಕಾಗುತ್ತದೆ, ಆ ಮಂಕಿಗೆ ಹೆದರಿ ಕ್ಯಾಮೆರಾದ ಸೂರ್ಯನನ್ನು ಏರಿಸಿದರೆ ಫೋಟೊ ಬೆಳ್ಳಗಾಗುತ್ತದೆ. ಐದು ನಿಮಿಷ ಫ್ಯಾನಿನ ಕೆಳಗೆ ಇಡಿ. ಆ ಫ್ಯಾನು ಇಷ್ಟಕ್ಕಾದರೂ ಉಪಯೋಗಕ್ಕೆ ಬರಲಿ.

ಎಲ್ಲ ಪಾಠ ಮುಗಿದು ಉಣ್ಣಲು ಶುರು ಮಾಡಿದ ಮೇಲೆ, ಅರ್ಧ ಊಟದಲ್ಲಿ, ಒಳ್ಳೆಯ ಫೋಟೊ ಎದುರಿಗೆ ಬಂದು ಕೂರುತ್ತದೆ. ಮುರಿದ ರೊಟ್ಟಿ, ಬಿಚ್ಚಿದ ಬದನೆಕಾಯಿ, ತಟ್ಟೆಯಂಚಿಗೆ ಹರಿದ ಶೇಂಗಾ ಮಸಾಲೆ. ಮುಟ್ಟದ ತಟ್ಟೆಗಿಂತ ಇದೇ ಬಾಯಲ್ಲಿ ನೀರು ತರಿಸುವುದು. ಸ್ಟೀಲೂ ಅಷ್ಟರಲ್ಲಿ ಮಸಾಲೆ ಮೆತ್ತಿ ಹೊಳಪು ಕಳೆದುಕೊಂಡಿರುತ್ತದೆ, ಫ್ಯಾನಿನ ಕಾಟವಿಲ್ಲ. ಆದರೆ ಬಲಗೈ ಮುಂಗೈವರೆಗೆ ಎಣ್ಣೆ. ಎಡಗೈಯ ನಾಲ್ಕು ಬೆರಳಿನಲ್ಲಿ ಫೋನು ಹಿಡಿದು, ಹೆಬ್ಬೆರಳಿನಿಂದ ಪರದೆ ಮುಟ್ಟಲು ಹೋದರೆ ಅದು ಮಜ್ಜಿಗೆಗೆ ಬೀಳುವುದು ಖಾತ್ರಿ. ಪಕ್ಕದ ವಾಲ್ಯೂಮ್ ಬಟನ್ ಒತ್ತಿ, ಬಹುತೇಕ ಫೋನುಗಳಲ್ಲಿ ಅದೇ ಶಟರ್. ಒತ್ತುವಾಗ ಅಲುಗಿದರೆ 3 ಸೆಕೆಂಡಿನ ಟೈಮರ್ ಇಟ್ಟುಕೊಳ್ಳಿ. ಟೈಮರ್ ಎರಡಕ್ಕೆ ಬಂದಾಗ ಚೌಕಟ್ಟಿನೊಳಗೆ ಒಂದು ಕೈ, ಕೈಯಲ್ಲೊಂದು ಬಿಸಿ ರೊಟ್ಟಿ: "ಇನ್ನೊಂದ್ ಹಾಕ್ಲೇನ್ರಿ?"

ಹಾಕಿಸಿಕೊಳ್ಳಿ. ಹಬೆ ಇನ್ನೂ ಇದೆ.