ಐನ್‌ಮನೆ ಮಾರೋ ಮುಂಚೆ ಒಕ್ಕದವರನ್ನೆಲ್ಲ (ಕುಲದ ಎಲ್ಲರನ್ನೂ) ಕೂರಿಸಿ ಕೇಳಿ
ಮಡಿಕೇರಿ ಹೊರವಲಯದ ಹಳೇ ಐನ್‌ಮನೆ, ಅಂದ್ರೆ ಕೊಡವ ಕುಲದ ಮೂಲ ಮನೆ, ಸೇಲ್‌ಗಿದೆ ಅಂತ ಫೋಟೋ ಸಮೇತ ಹಾಕಿರೋ ಪೋಸ್ಟ್ ಓದಿ ಕರುಳು ಚುರುಕ್ ಅಂತು. ಸುತ್ತ ಲೇಔಟು, ಹೋಂಸ್ಟೇ ಎದ್ದಿರೋದ್ರಿಂದ ಒಳ್ಳೇ ರೇಟ್ ಬರ್ಬಹುದು, ಆದ್ರೆ ಐನ್‌ಮನೆ ಅಂದ್ರೆ ಇಡೀ ಒಕ್ಕದ್ದು, ಪುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು (ಹೊಸ ಭತ್ತದ ತೆನೆ) ತಂದು ಕಟ್ಟೋದು ಅಲ್ಲೇ, ನೆಲ್ಲಕ್ಕಿ ನಡುಬಾಡೆಯಲ್ಲಿ (ಮನೆಯ ನಡುಕೋಣೆಯಲ್ಲಿ) ದೀಪ ಹಚ್ಚೋದೂ ಅಲ್ಲೇ, ಪಕ್ಕದಲ್ಲಿ ಕಾರಣವರಿಗೆ (ಕುಲದ ಹಿರಿಯರಿಗೆ) ಮೀದಿ, ಅಂದ್ರೆ ಎಡೆ, ಇಡೋ ಕೈಮಡ ಅನ್ನೋ ಗುಡಿ ಬೇರೆ ಇದೆ, ಅದನ್ನ ಯಾವ ರೇಟಿಗೆ ಬರ್ಕೊಡ್ತೀರ? ಫೋಟೋದಲ್ಲಿ ಜಗಲಿ ಕಂಬಗಳ ಮಧ್ಯೆ ಕೂರೋಕೆ ಇರೋ ಐಮರ ನೋಡಿ, ಎಷ್ಟು ದಪ್ಪ ಹಲಗೆ, ಕೂತು ಕೂತು ನುಣ್ಣಗಾಗಿದೆ, ಅಂಥ ಮರ ಈಗೆಲ್ಲಿ ಸಿಗುತ್ತೆ. ರಿಪೇರಿ ಖರ್ಚೆಲ್ಲ ಅಲ್ಲಿ ಉಳಿದಿರೋ ಒಬ್ಬರ ತಲೆ ಮೇಲೇ ಬೀಳುತ್ತೆ, ಅವರ ಕಷ್ಟ ಅರ್ಥ ಆಗುತ್ತೆ. ಬೆಂಗಳೂರು, ದುಬೈಲಿರೋ ಒಕ್ಕದವರು ಸ್ವಲ್ಪ ಸ್ವಲ್ಪ ಹಾಕಿದ್ರೆ ಈ ಮಳೆಗಾಲದೊಳಗೆ ಹಂಚಾದ್ರೂ ಸರಿ ಮಾಡಿಸ್ಬಹುದು. ಜಮ್ಮಾ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರೋ) ಜಾಗವಾಗಿದ್ರೆ ಆರ್‌ಟಿಸಿಲಿ (ಪಹಣಿಲಿ) ಯಾರ್ಯಾರ ಹೆಸರಿದೆ ಅಂತ ತಗೊಳೋರೂ ಮೊದಲು ನೋಡ್ಕೊಳ್ಳಿ.